ಐರಿಸ್ ಸ್ಕ್ಯಾನ್ ಫೇಲ್ ಆಗ್ತಿದ್ಯಾ? ಕಣ್ಣನ್ನ ದೂರೋಕ್ ಮುಂಚೆ ಎರರ್ ಕೋಡ್ ನೋಡಿ

ಗಾರೆ ಕೆಲಸ ಮಾಡಿ, ಬೀಡಿ ಕಟ್ಟಿ, ಪಾತ್ರೆ ಉಜ್ಜಿ ಬೆರಳು ಸವೆದೋಗಿರೋರಿಗೆ ಆಧಾರ್ ಅಥೆಂಟಿಕೇಶನ್‌ನಲ್ಲಿ (ಇವ್ರೇ ಅವ್ರು ಅಂತ ಖಚಿತ ಮಾಡೋದ್ರಲ್ಲಿ) ಉಳಿದಿರೋ ದೊಡ್ಡ ದಾರಿ ಅಂದ್ರೆ ಕಣ್ಣು. ಅದೂ ಫೇಲ್ ಅಂತ ಬಂದ್ರೆ ಅವತ್ತಿನ ಕೂಲಿ ಹೋಯ್ತು, ಬಸ್ ಚಾರ್ಜ್ ಹೋಯ್ತು, ಬಂದ ಕೆಲಸಾನೂ ಆಗ್ಲಿಲ್ಲ. ಎಷ್ಟೋ ಕಡೆ ನಾನು ನೋಡಿರೋದು ಏನಂದ್ರೆ ಸ್ಕ್ರೀನ್ ಮೇಲೆ ಕೆಂಪಕ್ಷರ ಬಂದ ತಕ್ಷಣ "ಅಜ್ಜಿ, ಕಣ್ಣು ದೊಡ್ಡದಾಗಿ ಬಿಡಿ, ಇನ್ನೂ ದೊಡ್ಡದಾಗಿ" ಅಂತ ಶುರು ಮಾಡ್ತಾರೆ, ಅವ್ರ ಕಣ್ಣಲ್ಲಿ ನೀರು ಸುರಿಯೋ ತನಕ ಬಿಡಲ್ಲ, ಕೊನೆಗೆ "ನಿಮ್ ಕಣ್ಣೇ ಸರಿ ಇಲ್ಲ" ಅಂತ ಕಳಿಸ್ತಾರೆ. ಆದ್ರೆ ತಪ್ಪು ಇದ್ದಿದ್ದು ಯುಎಸ್‌ಬಿ ಕೇಬಲ್‌ನಲ್ಲೋ, ಕಂಪ್ಯೂಟರ್ ಗಡಿಯಾರದಲ್ಲೋ, ಇಲ್ಲಾ ಆಧಾರ್ ರೆಕಾರ್ಡ್‌ನಲ್ಲೇ ಇರಬಹುದು. ಅಜ್ಜಿ ಎಷ್ಟು ಕಣ್ಣು ಅಗಲಿಸಿದ್ರೂ ಅದ್ಯಾವ್ದೂ ರಿಪೇರಿ ಆಗಲ್ಲ.

ಇದನ್ನ ಸೇವಾ ಕೇಂದ್ರ ನಡೆಸೋರು, ನ್ಯಾಯಬೆಲೆ ಅಂಗಡಿಯೋರು, ಬ್ಯಾಂಕ್ ಮಿತ್ರ ಕೆಲಸ ಮಾಡೋರು, ಜೊತೆಗೆ ಮನೆಯ ಹಿರಿಯರನ್ನ ಕರ್ಕೊಂಡು ಹೋಗೋ ಮಕ್ಕಳು ಮೊಮ್ಮಕ್ಕಳು ಎಲ್ರಿಗೂ ಅಂತ ಬರೀತಿದ್ದೀನಿ.

ಮೊದಲ ಪ್ರಶ್ನೆ: ಫೋಟೋ ಬಿತ್ತಾ, ಇಲ್ವಾ?

ಇದೊಂದು ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ಐರಿಸ್ (ಕಣ್ಣಿನ ಪಾಪೆ ಸುತ್ತಲಿನ ಬಣ್ಣದ ಬಳೆ) ಸ್ಕ್ಯಾನ್ ಅನ್ನೋದು ಎರಡು ಹಂತದ ಕೆಲಸ. ಮೊದಲು ನಿಮ್ಮ ಟೇಬಲ್ ಮೇಲಿರೋ ಡಿವೈಸು ಕಣ್ಣಿನ ಫೋಟೋ ತೆಗೀಬೇಕು. ಆಮೇಲೆ ಅದು ಎನ್‌ಕ್ರಿಪ್ಟ್ ಆಗಿ (ಬೇರೆಯೋರು ಓದೋಕಾಗದ ಹಾಗೆ ಬದಲಾಗಿ) ಆಧಾರ್ ಕೊಡೋ ಸಂಸ್ಥೆ ಯುಐಡಿಎಐ ಸರ್ವರ್‌ಗೆ ಹೋಗಿ, ಎನ್‌ರೋಲ್‌ಮೆಂಟ್ ದಿನ, ಅಂದ್ರೆ ಆಧಾರ್ ಮಾಡಿಸಿದ ದಿನ, ತೆಗೆದಿದ್ದ ಫೋಟೋ ಜೊತೆ ತಾಳೆ ಆಗ್ಬೇಕು. ಮೊದಲ ಹಂತದಲ್ಲಿ ನಿಂತ್ರೆ ಕಾರಣ ನಿಮ್ಮ ರೂಮಿನ ಒಳಗೇ ಇದೆ. ಎರಡನೇದ್ರಲ್ಲಿ ನಿಂತ್ರೆ ಕಾರಣ ಕಣ್ಣಲ್ಲಿರಬಹುದು, ಹಳೇ ರೆಕಾರ್ಡ್‌ನಲ್ಲಿರಬಹುದು, ಇಲ್ಲಾ ಕಣ್ಣಿಗೆ ಸಂಬಂಧವೇ ಇಲ್ಲದ ಇನ್ನೊಂದು ಕಡೆ ಇರಬಹುದು.

ಗುರುತು ಹಿಡಿಯೋದು ಎರರ್ ಕೋಡ್‌ನಿಂದ. 700, 710, 720, 730, 740 ಈ ಥರ ಬಂದ್ರೆ ಅದು ನಿಮ್ಮ ಕಂಪ್ಯೂಟರ್ ಇಲ್ಲಾ ಫೋನ್‌ನಲ್ಲಿರೋ ಆರ್‌ಡಿ ಸರ್ವಿಸ್ (ಡಿವೈಸನ್ನ ನಡೆಸೋ ಸಾಫ್ಟ್‌ವೇರ್) ಕೊಡ್ತಿರೋ ಕೋಡ್, ಅಂದ್ರೆ ಫೋಟೋನೇ ಬಿದ್ದಿಲ್ಲ. 300, 330, 811, 561, 562 ಇವೆಲ್ಲ ಸರ್ವರ್‌ನಿಂದ ವಾಪಸ್ ಬಂದ ಕೋಡ್. ಕೆಲವು ಆ್ಯಪ್‌ಗಳು ಕೋಡ್ ತೋರಿಸ್ದೆ ಬರೀ "ಅಥೆಂಟಿಕೇಶನ್ ಫೇಲ್ಡ್" ಅಂತ ಹಾಕಿ ಸುಮ್ನಾಗ್ತವೆ. ನನ್ನ ಪ್ರಕಾರ ಇದು ಜನರಿಗೆ ಮಾಡೋ ದೊಡ್ಡ ಅನ್ಯಾಯ, ಯಾಕಂದ್ರೆ ಕೋಡ್ ಇಲ್ದೆ ಯಾರೂ ಏನೂ ಕಂಡು ಹಿಡಿಯೋಕಾಗಲ್ಲ. ಅಂಥ ಟೈಮಲ್ಲಿ ಒಂದು ದಾರಿ ಇದೆ, ಆ ವ್ಯಕ್ತಿಯ ಮೊಬೈಲ್ ಆಧಾರ್‌ಗೆ ಲಿಂಕ್ ಆಗಿದ್ರೆ ಮೈಆಧಾರ್ ಪೋರ್ಟಲ್‌ಗೆ ಓಟಿಪಿ ಹಾಕಿ ಹೋಗಿ ಅಥೆಂಟಿಕೇಶನ್ ಹಿಸ್ಟರಿ ತೆಗೀರಿ, ಹಿಂದಿನ 6 ತಿಂಗಳ ದಾಖಲೆ ಸಿಗತ್ತೆ, ಒಂದು ಸಲಕ್ಕೆ 50ರ ತನಕ, ಪ್ರತಿಯೊಂದಕ್ಕೂ ಪಾಸಾ ಫೇಲಾ, ಫೇಲ್ ಆದ್ರೆ ಯಾವ ಕೋಡ್ ಅಂತ ಇರತ್ತೆ. ಈಗ ತಾನೇ ಮಾಡಿದ ಪ್ರಯತ್ನ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಅಂದ್ರೆ ಅದು ಸರ್ವರ್ ತನಕ ತಲುಪೇ ಇಲ್ಲ ಅಂತ ಅರ್ಥ. ಆಗ ಕಣ್ಣನ್ನ ಬಿಟ್ಟು ಮಿಷಿನ್ ಕಡೆ, ನೆಟ್ ಕಡೆ ನೋಡಿ.

ಮಿಷಿನ್ ಕಡೆಯ ತೊಂದ್ರೆಗಳು

720 ಅಂದ್ರೆ ಡಿವೈಸ್ ರೆಡಿ ಇಲ್ಲ. ಇದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕೇಬಲ್ಲೇ ಕಾರಣ ಅಂತ ನನ್ನ ಅನುಭವ. ಡೆಸ್ಕ್‌ಟಾಪ್ ಆದ್ರೆ ಮುಂದುಗಡೆ ಪೋರ್ಟ್, ಯುಎಸ್‌ಬಿ ಹಬ್ಬು ಇವೆಲ್ಲ ಬಿಟ್ಟು ಹಿಂದೆ ಮದರ್‌ಬೋರ್ಡ್‌ನ ಪೋರ್ಟ್‌ಗೇ ನೇರವಾಗಿ ಚುಚ್ಚಿ. ಐರಿಸ್ ಡಿವೈಸಲ್ಲಿ ಕ್ಯಾಮೆರಾ ಒಂದೇ ಅಲ್ಲ, ಅದರ ಪಕ್ಕ ಇನ್‌ಫ್ರಾರೆಡ್ ಎಲ್‌ಇಡಿಗಳೂ ಇರ್ತವೆ, ಕರೆಂಟ್ ಕಮ್ಮಿ ಬಂದ್ರೆ ಕ್ಯಾಮೆರಾ ಆನ್ ಆಗತ್ತೆ ಆದ್ರೆ ಎಲ್‌ಇಡಿ ಮಂಕಾಗತ್ತೆ, ಆಗ ಡಿವೈಸ್ ಕನೆಕ್ಟ್ ಆಗಿದೆ ಅಂತ ತೋರಿಸ್ತಾ ಇದ್ರೂ ಫೋಟೋ ಮಾತ್ರ ಬೀಳಲ್ಲ. ಫೋನಿಗೆ ಹಾಕೋದಾದ್ರೆ ಓಟಿಜಿ ಸೆಟಿಂಗ್ (ಫೋನಿಗೆ ಹೊರಗಿನ ಡಿವೈಸ್ ಜೋಡಿಸೋಕೆ ಬಿಡೋ ಸೆಟಿಂಗ್) ಆನ್ ಇದ್ಯಾ ನೋಡಿ, ಕೆಲವು ಫೋನ್‌ಗಳಲ್ಲಿ ಸ್ವಲ್ಪ ಹೊತ್ತು ಬಳಸ್ದಿದ್ರೆ ಅದು ತಾನಾಗೇ ಆಫ್ ಆಗಿಬಿಡತ್ತೆ.

ಎಲ್‌ಇಡಿ ಉರೀತಿದ್ಯಾ ಇಲ್ವಾ ಅಂತ ಬರಿಗಣ್ಣಿಗೆ ಸರಿಯಾಗಿ ಗೊತ್ತಾಗಲ್ಲ, ತೀರಾ ಮಂದ ಕೆಂಪು ಕಂಡ್ರೆ ಹೆಚ್ಚು. ಆದ್ರೆ ಫೋನ್ ಕ್ಯಾಮೆರಾಗೆ ಕಾಣತ್ತೆ. ಕ್ಯಾಪ್ಚರ್ ಬಟನ್ ಒತ್ತಿ, ಡಿವೈಸ್ ಕಡೆ ಫೋನಿನ ಸೆಲ್ಫಿ ಕ್ಯಾಮೆರಾ ಹಿಡಿದು ನೋಡಿ, ನೇರಳೆ ಇಲ್ಲಾ ಬಿಳಿ ಬಣ್ಣದ ಹೊಳಪು ಕಾಣಬೇಕು. ಹಿಂದಿನ ಕ್ಯಾಮೆರಾಗಳಲ್ಲಿ ಇನ್‌ಫ್ರಾರೆಡ್ ತಡೆಯೋ ಫಿಲ್ಟರ್ ಚೆನ್ನಾಗಿರೋದ್ರಿಂದ ಕಾಣದೇನೂ ಇರಬಹುದು, ಅದಕ್ಕೆ ಸೆಲ್ಫಿ ಕ್ಯಾಮೆರಾ ಅಂದಿದ್ದು. ಫೋನ್ ಸರಿ ತೋರಿಸತ್ತಾ ಅನ್ನೋ ಡೌಟ್ ಇದ್ರೆ ಮೊದಲು ಟಿವಿ ರಿಮೋಟ್ ಒತ್ತಿ ನೋಡಿ, ಅದರ ಎಲ್‌ಇಡಿ ಕಂಡ್ರೆ ಡಿವೈಸ್‌ದೂ ಕಾಣತ್ತೆ. ಹೊಳಪೇ ಇಲ್ಲ ಅಂದ್ರೆ ಕೇಬಲ್ ಬದಲಿಸಿ, ಪೋರ್ಟ್ ಬದಲಿಸಿ, ಆಗ್ಲೂ ಇಲ್ಲ ಅಂದ್ರೆ ಡಿವೈಸ್ ಸರ್ವಿಸ್‌ಗೆ ಕಳಿಸ್ಬೇಕು. ಎರಡು ಎಲ್‌ಇಡಿಯಲ್ಲಿ ಒಂದು ಮಾತ್ರ ಉರೀತಿದ್ರೂ ತೊಂದ್ರೆನೇ, ಕಣ್ಣಿನ ಒಂದು ಪಕ್ಕ ಕತ್ತಲಾಗತ್ತೆ.

710 ಬಂದ್ರೆ ಇನ್ನೊಂದು ಆ್ಯಪ್ ಅದೇ ಡಿವೈಸನ್ನ ಹಿಡ್ಕೊಂಡು ಕೂತಿದೆ. ಒಂದೇ ಕಂಪ್ಯೂಟರ್‌ನಲ್ಲಿ ಬ್ಯಾಂಕಿಂಗ್ ಪೋರ್ಟಲ್ ಒಂದು ಟ್ಯಾಬ್‌ನಲ್ಲಿ, ಪಿಂಚಣಿ ಪೋರ್ಟಲ್ ಇನ್ನೊಂದರಲ್ಲಿ ತೆಗೆದಿಟ್ಟಿದ್ರೆ ಹೀಗಾಗತ್ತೆ, ಬೇಡದ್ದು ಮುಚ್ಚಿ. 740 ಬಂದ್ರೆ ಡಿವೈಸ್ ಮತ್ತೆ ಇನಿಶಿಯಲೈಸ್ ಆಗ್ಬೇಕು, ಕೇಬಲ್ ಕಿತ್ತು ಹಾಕಿ, ಆರ್‌ಡಿ ಸರ್ವಿಸ್ ರೀಸ್ಟಾರ್ಟ್ ಮಾಡಿ, ನೆಟ್ ಇರಲೇಬೇಕು, ಯಾಕಂದ್ರೆ ಅದು ತಯಾರಕರ ಸರ್ವರ್ ಜೊತೆ ಮಾತಾಡಿ ಕೀ ಬದಲಿಸ್ಕೊಳತ್ತೆ. ಆರ್‌ಡಿ ಸರ್ವಿಸ್‌ನ ಚಂದಾ ಅವಧಿ ಮುಗಿದಿದ್ಯಾ ಅಂತಾನೂ ನೋಡ್ಕೊಳಿ. ಎಷ್ಟೋ ಜನ ಹೊಸ ಡಿವೈಸ್ ಕೊಳ್ಳೋಕ್ ಹೊರಟಿರ್ತಾರೆ, ಆದ್ರೆ ಹಳೇದ್ರ ರಿನ್ಯೂವಲ್ ಮಾತ್ರ ಬಾಕಿ ಇರತ್ತೆ. ಬ್ರೌಸರ್‌ಗೆ ಡಿವೈಸೇ ಸಿಗ್ತಿಲ್ಲ ಅಂದ್ರೆ, ಆರ್‌ಡಿ ಸರ್ವಿಸು ಕಂಪ್ಯೂಟರ್ ಒಳಗೇ 11100ರಿಂದ 11120ರ ತನಕದ ಯಾವ್ದಾದ್ರೂ ಪೋರ್ಟ್‌ನಲ್ಲಿ ಕಾಯ್ತಿರತ್ತೆ, ಹೊಸದಾಗಿ ಹಾಕಿದ ಆ್ಯಂಟಿವೈರಸ್ಸು ಅದನ್ನ ಅಡ್ಡ ಹಾಕಿದ್ಯಾ ನೋಡಿ.

700: ಟೈಮ್ ಔಟ್ ಆಗ್ತಿದ್ರೆ

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ, ಕೇಂದ್ರಗಳಲ್ಲಿ ದಿನಾ ಕಾಡೋದು ಇದೇ. ಡಿವೈಸ್ ಚೆನ್ನಾಗಿದೆ, ಎಲ್‌ಇಡಿ ಉರೀತಿದೆ, ಕಣ್ಣು ಸ್ಕ್ರೀನಲ್ಲಿ ಕಾಣ್ತಿದೆ, ಆದ್ರೂ ಟೈಮ್ ಔಟ್. ಯಾಕಂದ್ರೆ ಡಿವೈಸ್ ಸುಮ್ನೆ ಒಂದು ಫೋಟೋ ತೆಗೆದು ಕಳಿಸಲ್ಲ, ಫೋಟೋ ಕ್ವಾಲಿಟಿ ಒಂದು ಮಟ್ಟಕ್ಕೆ ಬರೋ ತನಕ ಕಾಯತ್ತೆ, ಬರ್ಲಿಲ್ಲ ಅಂದ್ರೆ ಟೈಮ್ ಮುಗಿದು 700 ಕೊಡತ್ತೆ.

ಅದಕ್ಕೆ ಏನು ಬೇಕು ಅಂತ ಗೊತ್ತಿದ್ರೆ ಸರಿ ಮಾಡೋದು ಸುಲಭ. ಐರಿಸ್ ಅಂದ್ರೆ ಕಣ್ಣಿನ ನಡುವಿನ ಕಪ್ಪು ಪಾಪೆಯ ಸುತ್ತ ಇರೋ ಬಣ್ಣದ ಬಳೆ, ಅಡ್ಡಳತೆ ಹತ್ತಿರ ಹತ್ತಿರ 12 ಮಿಲಿಮೀಟರ್. ಅದರಲ್ಲಿರೋ ಎಳೆಗಳು, ಗುಳಿಗಳು, ಉಂಗುರಗಳು ಇವೇ ಗುರುತು. ನಮ್ಮಲ್ಲಿ ಹೆಚ್ಚಿನೋರ ಐರಿಸ್ ಗಾಢ ಕಂದು, ಬಣ್ಣ ಕೊಡೋ ಮೆಲನಿನ್ ಜಾಸ್ತಿ ಇರೋದ್ರಿಂದ ಮಾಮೂಲಿ ಬೆಳಕಲ್ಲಿ ಆ ಎಳೆಗಳು ಕಾಣೋದೇ ಇಲ್ಲ. 700ರಿಂದ 900 ನ್ಯಾನೋಮೀಟರ್ ಆಸುಪಾಸಿನ ಇನ್‌ಫ್ರಾರೆಡ್ ಬೆಳಕನ್ನ ಮೆಲನಿನ್ ಅಷ್ಟಾಗಿ ಹೀರಲ್ಲ, ಅದರಲ್ಲಿ ನೋಡಿದ್ರೆ ಕಪ್ಪು ಕಣ್ಣಲ್ಲೂ ವಿನ್ಯಾಸ ಎದ್ದು ಕಾಣತ್ತೆ. ಅದಕ್ಕೇ ಮಾಮೂಲಿ ವೆಬ್‌ಕ್ಯಾಮ್‌ನಲ್ಲಿ ಈ ಕೆಲಸ ಆಗಲ್ಲ. ಕೇಂಬ್ರಿಜ್‌ನ ಜಾನ್ ಡಾಗ್‌ಮನ್ ಅವ್ರು ಈ ವಿನ್ಯಾಸವನ್ನ 2048 ಬಿಟ್‌ಗಳ (ಸೊನ್ನೆ ಇಲ್ಲಾ ಒಂದು) ಒಂದು ಕೋಡ್ ಮಾಡೋ ವಿಧಾನಕ್ಕೆ 1994ರಲ್ಲಿ ಪೇಟೆಂಟ್ ಪಡೆದ್ರು. ಎರಡು ಬೇರೆ ಬೇರೆ ಕಣ್ಣಿನ ಕೋಡ್ ಇಟ್ಟು ಹೋಲಿಸಿದ್ರೆ ಸುಮಾರು ಅರ್ಧದಷ್ಟು ಬಿಟ್ ಹೊಂದಲ್ಲ, ಒಂದೇ ಕಣ್ಣಿನವಾದ್ರೆ ತುಂಬಾ ಕಮ್ಮಿ ವ್ಯತ್ಯಾಸ ಬರತ್ತೆ, ಮೂರನೇ ಒಂದಕ್ಕಿಂತ ಕಮ್ಮಿ ವ್ಯತ್ಯಾಸ ಇದ್ರೆ ಒಬ್ಬರೇ ಅಂತ ಒಪ್ಪೋದು ಅವರ ಲೆಕ್ಕ. ಅಂದ್ರೆ ಪೂರ್ತಿ ನೂರಕ್ಕೆ ನೂರು ಹೊಂದಬೇಕಾಗಿಲ್ಲ, ಆದ್ರೆ ಬಳೆಯ ಸಾಕಷ್ಟು ಭಾಗ ಸ್ಪಷ್ಟವಾಗಿ ಕಾಣಲೇಬೇಕು.

ಈಗ ಏನೇನು ಅಡ್ಡ ಬರತ್ತೆ ನೋಡೋಣ. ಮೊದಲನೇದು ಬಿಸಿಲು. ಬಿಸಿಲಲ್ಲಿ ಇನ್‌ಫ್ರಾರೆಡ್ ಧಾರಾಳವಾಗಿ ಇರತ್ತೆ, ಜಗಲಿ ಮೇಲೆ ಕೂರಿಸಿ ತೆಗೆದ್ರೆ ಕಿಟಕಿ, ಆಕಾಶ, ಮುಂದೆ ನಿಂತಿರೋ ಬೈಕ್ ಎಲ್ಲದ್ರ ಪ್ರತಿಬಿಂಬ ಕಣ್ಣಿನ ಮೇಲೆ ಬಿದ್ದು ಐರಿಸ್ ಮುಚ್ಚಿ ಹೋಗತ್ತೆ, ಮೇಲೆ ಅವ್ರು ಕಣ್ಣು ಬೇರೆ ಕಿರಿದು ಮಾಡ್ತಾರೆ. ಕಿಟಕಿ ಅವರ ಎದುರಿಗೂ ಇರಬಾರ್ದು, ಬೆನ್ನ ಹಿಂದೆಯೂ ಇರಬಾರ್ದು, ಹಿಂದೆ ಇದ್ರೆ ಬೆಳಕು ಕ್ಯಾಮೆರಾಗೇ ಹೊಡೆಯತ್ತೆ. ಪಕ್ಕಕ್ಕೆ ಬರೋ ಹಾಗೆ ಕುರ್ಚಿ ತಿರುಗಿಸಿ. ಹಳೇ ಕಾಲದ ಹಳದಿ ಬಲ್ಬು, ಹ್ಯಾಲೊಜೆನ್ನು ಇವೂ ಇನ್‌ಫ್ರಾರೆಡ್ ಸುರೀತವೆ, ತಲೆ ಮೇಲೆ ಅವಿದ್ರೆ ಆರ್ಸಿ ಎಲ್‌ಇಡಿ ಬಲ್ಬ್ ಹಾಕಿ. ಹಾಗಂತ ರೂಮನ್ನ ಕಗ್ಗತ್ತಲು ಮಾಡ್ಬೇಡಿ, ಕತ್ತಲಲ್ಲಿ ಪಾಪೆ ಹಿಗ್ಗಿ ಐರಿಸ್ ಬಳೆ ಸಣ್ಣದಾಗತ್ತೆ. ಮಾಮೂಲಿ ಬೆಳಕಿರೋ ಒಳಕೋಣೆ ಸಾಕು.

ಕನ್ನಡಕ ತೆಗೆಸಿ. "ನನ್ನದು ಆ್ಯಂಟಿ ಗ್ಲೇರ್ ಕಣ್ರೀ" ಅಂತಾರೆ ಕೆಲವ್ರು, ಆ ಕೋಟಿಂಗ್ ಇರೋದು ಕಣ್ಣಿಗೆ ಕಾಣೋ ಬೆಳಕಿಗೆ, ಇನ್‌ಫ್ರಾರೆಡ್ ಅದರ ಮೇಲೂ ಹೊಳೀತದೆ. ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ರೆ ತೆಗೀಲೇಬೇಕು, ಅದರ ಮೇಲಿನ ಅಚ್ಚು ಐರಿಸ್ಸನ್ನೇ ಮರೆಮಾಡತ್ತೆ. ಡಿವೈಸ್‌ನ ಗಾಜು ಒರೆಸಿ, ಮುಂಚೆ ಬಂದೋರ ಬೆರಳಿನ ಎಣ್ಣೆ ಅಂಟಿರತ್ತೆ. ಕಣ್ಣಿಗೆ ಒತ್ತಿ ಹಿಡಿಯೋ ರಬ್ಬರ್ ಬಟ್ಟಲಿರೋ ಡಿವೈಸ್ ಆದ್ರೆ ಪ್ರತಿಯೊಬ್ಬರ ನಂತರ ಒರೆಸಿ, ಮದ್ರಾಸ್ ಐ ಓಡಾಡೋ ಟೈಮಲ್ಲಂತೂ ಕಡ್ಡಾಯ. ಕಣ್ಣು ಬಂದಿರೋರನ್ನ ಆ ವಾರ ಐರಿಸ್‌ಗೆ ಕೂರಿಸಲೇಬೇಡಿ, ಬೇರೆ ದಾರಿ ನೋಡಿ.

ದೂರದ ವಿಷಯ ಬಂದ್ರೆ ಡಿವೈಸ್ ಡಿವೈಸ್‌ಗೂ ಬೇರೆ, ಅದರ ಜೊತೆ ಬಂದ ಹಾಳೆಲಿ ಬರೆದಿರತ್ತೆ. ಕೈಯಲ್ಲಿ ಹಿಡಿಯೋದಾದ್ರೆ ಹಿರಿಯರ ಕೈಗೆ ಕೊಡ್ಬೇಡಿ, ಕೈ ನಡುಗತ್ತೆ, ಫೋಟೋ ಅಲುಗತ್ತೆ. ಅವ್ರ ಮೊಣಕೈ ಟೇಬಲ್ ಮೇಲೆ ಇಡಿಸಿ, ಡಿವೈಸ್ ನೀವು ಹಿಡೀರಿ. ತಲೆ ನೆಟ್ಟಗಿರ್ಲಿ. ಸ್ವಲ್ಪ ವಾಲಿದ್ರೆ ಸಾಫ್ಟ್‌ವೇರ್ ಸರಿದೂಗಿಸ್ಕೊಳತ್ತೆ, ತೀರಾ ವಾಲಿಸಿದ್ರೆ ಆಗಲ್ಲ.

ರೆಪ್ಪೆ ಇಳಿಬಿದ್ದಿರೋ ಹಿರಿಯರಿಗೆ "ಕಣ್ಣು ಬಿಡಿ" ಅಂದ್ರೆ ಅವ್ರು ಹುಬ್ಬು ಮೇಲೆತ್ತಿ ತಲೆನೂ ಹಿಂದಕ್ಕೆ ಎತ್ತಿಬಿಡ್ತಾರೆ, ಆಗ ನೋಟ ಕೆಳಗಾಗತ್ತೆ. ಅದರ ಬದಲು ಡಿವೈಸನ್ನ ಅವ್ರ ಕಣ್ಣಿನ ಮಟ್ಟಕ್ಕಿಂತ ಒಂಚೂರು ಮೇಲಿಟ್ಟು "ಇದ್ರೊಳಗೆ ನೋಡಿ" ಅನ್ನಿ, ಮೇಲೆ ನೋಡಿದಾಗ ರೆಪ್ಪೆ ತಾನಾಗೇ ಏಳತ್ತೆ. ಆಗ್ಲೂ ಆಗ್ಲಿಲ್ಲ ಅಂದ್ರೆ ಅವ್ರ ಒಪ್ಪಿಗೆ ಕೇಳಿ, ಜೊತೆಗೆ ಬಂದಿರೋ ಮನೆಯೋರ ಕೈಲಿ ರೆಪ್ಪೆಯನ್ನ ಹುಬ್ಬಿನ ಮೂಳೆ ಮೇಲೆ ಮೆತ್ತಗೆ ಎತ್ತಿ ಹಿಡಿಸಬಹುದು, ಕಣ್ಣುಗುಡ್ಡೆ ಮೇಲೆ ಒತ್ತಬಾರ್ದು. ಇತ್ತೀಚೆಗೆ ಆಪರೇಷನ್ ಆಗಿರೋ ಕಣ್ಣನ್ನಂತೂ ಯಾರೂ ಮುಟ್ಟಲೇಬಾರ್ದು. ಒಂದು ಸಲ ಮಾಡಿದ ಮೇಲೆ ರೆಪ್ಪೆ ಬಡಿಯೋಕೆ, ನೀರು ಒರೆಸ್ಕೊಳೋಕೆ ಟೈಮ್ ಕೊಡಿ. ಒಂದರ ಹಿಂದೊಂದು ಹೊಡೀತಾ ಹೋದ್ರೆ ಕಣ್ಣಲ್ಲಿ ನೀರು ತುಂಬಿ ಪ್ರತಿ ಸಲ ಇನ್ನೂ ಕೆಡ್ತಾ ಹೋಗತ್ತೆ.

300: ಫೋಟೋ ಬಿತ್ತು, ಆದ್ರೆ ಹೊಂದ್ತಿಲ್ಲ

ಬಯೋಮೆಟ್ರಿಕ್ ಡೇಟಾ (ಬೆರಳು, ಕಣ್ಣು, ಮುಖದ ಗುರುತು) ಡಿಡ್ ನಾಟ್ ಮ್ಯಾಚ್ ಅಂತ ಬರತ್ತಲ್ಲ, ಅದು ಇದು. ಮೊದಲು ಆಧಾರ್ ನಂಬರ್ ಇನ್ನೊಂದ್ ಸಲ ನೋಡಿ, ಗಂಡನ ಕಾರ್ಡ್ ಹೆಂಡತಿ ತಂದಿರ್ತಾರೆ, ಒಂದೇ ಕವರಲ್ಲಿ ಮನೆಯೋರ ಎಲ್ಲರ ಕಾರ್ಡ್ ಇರತ್ತೆ. ಆಮೇಲೆ ಇನ್ನೊಂದು ಕಣ್ಣು ಟ್ರೈ ಮಾಡಿ. ಒಬ್ಬರ ಎಡಗಣ್ಣಿಗೂ ಬಲಗಣ್ಣಿಗೂ ವಿನ್ಯಾಸ ಬೇರೆ ಬೇರೆನೇ, ಅವಳಿ ಜವಳಿಗಳ ಕಣ್ಣೂ ಬೇರೆ ಬೇರೆನೇ, ಹಾಗಾಗಿ ಆ್ಯಪ್ ಎಡ ಅಂತ ಕೇಳಿದಾಗ ಬಲ ಕೊಟ್ರೆ ಹೊಂದಲ್ಲ. ನೀವು ಎದುರು ಕೂತಿರ್ತೀರಿ, ನಿಮ್ಮ ಎಡ ಅವ್ರ ಬಲ, ಇದನ್ನ ಗಡಿಬಿಡಿಲಿ ಮರೆಯೋದು ಸಹಜ. ಒಂದು ಕಣ್ಣಲ್ಲಿ ಆಗಿ ಇನ್ನೊಂದ್ರಲ್ಲಿ ಆಗ್ತಿಲ್ಲ ಅಂದ್ರೆ ಡಿವೈಸ್ ಸರಿ ಇದೆ, ತೊಂದ್ರೆ ಆ ಒಂದು ಕಣ್ಣಿಂದು, ಇಲ್ಲಾ ಆ ಕಣ್ಣಿನ ಹಳೇ ರೆಕಾರ್ಡಿಂದು. ಕೆಲಸ ಆಗೋ ಕಣ್ಣು ಯಾವ್ದು ಅಂತ ಅವ್ರಿಗೆ ಹೇಳಿ ಕಳಿಸಿ, ಮುಂದಿನ ಸಲ ಅದನ್ನೇ ಮೊದಲು ಕೊಡ್ತಾರೆ.

ಎರಡೂ ಆಗ್ತಿಲ್ಲ ಅಂದ್ರೆ ಕೇಳ್ಬೇಕಾದ ಪ್ರಶ್ನೆ: "ಇವತ್ತು ಕಣ್ಣಾಸ್ಪತ್ರೆಗೆ ಹೋಗಿದ್ರಾ? ಯಾವ್ದಾದ್ರೂ ಡ್ರಾಪ್ಸ್ ಹಾಕೊಂಡಿದ್ದೀರಾ?" ಹಳ್ಳಿಯಿಂದ ತಾಲೂಕಿಗೆ ಬಂದೋರು ಒಂದೇ ದಿನದಲ್ಲಿ ಆಸ್ಪತ್ರೆನೂ ಮುಗಿಸಿ ಪಿಂಚಣಿ ಕೆಲಸಾನೂ ಮುಗಿಸೋಣ ಅಂತ ಬಂದಿರ್ತಾರೆ. ಕಣ್ಣು ಪರೀಕ್ಷೆಗೆ ಹಾಕೋ ಟ್ರೋಪಿಕಮೈಡ್ ಡ್ರಾಪ್ಸ್ ಪಾಪೆಯನ್ನ ಹಿಗ್ಗಿಸತ್ತೆ, ಅದು ಇಳಿಯೋಕೆ ಸಾಮಾನ್ಯವಾಗಿ 4ರಿಂದ 8 ಗಂಟೆ ಬೇಕು. ಪಾಪೆ ಹಿಗ್ಗಿದ್ರೆ ಐರಿಸ್ ಒಂದು ತೆಳು ಬಳೆ ಆಗಿ ಅದರ ಎಳೆಗಳೆಲ್ಲ ಒತ್ತೊತ್ತಾಗ್ತವೆ. ಸಾಫ್ಟ್‌ವೇರು ಐರಿಸ್ಸನ್ನ ರಬ್ಬರ್ ಹಾಳೆ ಅಂತ ಭಾವಿಸ್ಕೊಂಡು ಹಿಗ್ಗು ಕುಗ್ಗನ್ನ ಲೆಕ್ಕ ಹಾಕಿ ಸರಿ ಮಾಡ್ಕೊಳತ್ತೆ, ಆದ್ರೆ ಔಷಧಿಯಿಂದ ಅಷ್ಟು ಅತಿಯಾಗಿ ಹಿಗ್ಗಿದಾಗ ಅದೂ ಸೋಲತ್ತೆ. ಅಟ್ರೋಪಿನ್ ಆದ್ರೆ ಇನ್ನೂ ಕಷ್ಟ, ಒಂದು ವಾರಕ್ಕೂ ಮೀರಿ ಇರಬಹುದು. ಗುರುತು ಏನಂದ್ರೆ ಬೆಳಕಿದ್ರೂ ಪಾಪೆ ದೊಡ್ಡದಾಗೇ ಇರತ್ತೆ, "ಬೆಳಕು ಚುಚ್ಚತ್ತೆ, ಹತ್ರದ್ದು ಓದೋಕಾಗಲ್ಲ" ಅಂತಾನೂ ಹೇಳ್ತಾರೆ. ಮಾಡ್ಬೇಕಾದ್ದು ಏನೂ ಇಲ್ಲ, ಔಷಧಿ ಇಳಿದ ಮೇಲೆ ಬರೋಕೆ ಹೇಳಿ, ಇಲ್ಲಾ ಓಟಿಪಿಲಿ ಮುಗಿಸಿ.

ಪೊರೆ ವಿಷಯದಲ್ಲಿ ತುಂಬಾ ಗೊಂದಲ ಇದೆ. ಐರಿಸ್ ಸ್ಕ್ಯಾನನ್ನ ಎಷ್ಟೋ ಜನ ರೆಟಿನಾ ಸ್ಕ್ಯಾನ್ ಅನ್ಕೊಂಡಿದ್ದಾರೆ. ರೆಟಿನಾ ಇರೋದು ಕಣ್ಣಿನ ಹಿಂಬದಿ ಗೋಡೆಲಿ, ಅಲ್ಲಿನ ರಕ್ತನಾಳಗಳನ್ನ ನೋಡೋ ತಂತ್ರ ಬೇರೆನೇ ಇದೆ, ಆಧಾರ್‌ನಲ್ಲಿ ಅದನ್ನ ಬಳಸಲ್ಲ. ಪೊರೆ ಬರೋದು ಲೆನ್ಸ್‌ನಲ್ಲಿ, ಲೆನ್ಸ್ ಇರೋದು ಐರಿಸ್‌ನ ಹಿಂದೆ. ಅಂದ್ರೆ ರೆಟಿನಾ ನೋಡೋಕೆ ಪೊರೆ ಅಡ್ಡ ಬರತ್ತೆ, ಐರಿಸ್ ನೋಡೋಕೆ ಬರಲ್ಲ, ಅದು ಪೊರೆಯ ಮುಂದೆನೇ ಇದೆ. ಹಾಗಾಗಿ "ಪೊರೆ ಬಂದಿದೆ, ಅದಕ್ಕೆ ಐರಿಸ್ ಬರ್ತಿಲ್ಲ" ಅನ್ನೋದು ಅವಸರದ ತೀರ್ಮಾನ. ಪೊರೆ ಆಪರೇಷನ್ ಆದ್ಮೇಲೆ ಮಾತ್ರ ಸ್ವಲ್ಪ ಯೋಚಿಸ್ಬೇಕು. ಹೆಚ್ಚಿನೋರಿಗೆ ಆಮೇಲೂ ಹೊಂದತ್ತೆ, ಆದ್ರೆ ಕೆಲವ್ರಿಗೆ ಪಾಪೆಯ ಆಕಾರ ಬದಲಾಗಿರತ್ತೆ, ಐರಿಸ್ ಅಂಚು ಸವೆದಿರತ್ತೆ. ಗ್ಲಾಕೋಮಾ ಅನ್ನೋ ಕಣ್ಣಿನ ಕಾಯಿಲೆಗೆ ಲೇಸರ್‌ನಲ್ಲಿ ಐರಿಸ್‌ಗೇ ಒಂದು ಸಣ್ಣ ತೂತು ಮಾಡ್ತಾರೆ, ಅದು ಚಿಕ್ಕದೇ, ಅದೊಂದರಿಂದಲೇ ಎಲ್ಲ ಕೆಡೋದು ಅಪರೂಪ. ಏಟು ಬಿದ್ದು ಐರಿಸ್ ಹರಿದಿದ್ರೆ, ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಬೆಳ್ಳಗಾಗಿದ್ರೆ, ಆ ಕಣ್ಣಿನ ಆಸೆ ಬಿಡ್ಬೇಕು.

ಹೊಲದಲ್ಲಿ ಬಿಸಿಲು ಧೂಳಲ್ಲಿ ದುಡಿಯೋರಿಗೆ ಬಿಳಿಭಾಗದಿಂದ ಕಪ್ಪು ಭಾಗದ ಮೇಲೆ ಒಂದು ಮಾಂಸದ ಪದರ ಬೆಳೆಯತ್ತೆ, ದುರ್ಮಾಂಸ ಅಂತಾರೆ. ಅದು ಅಂಚಲ್ಲಿ ಇದ್ರೆ ಪರವಾಗಿಲ್ಲ, ಪಾಪೆ ಹತ್ರ ಬಂದಿದ್ರೆ ಐರಿಸ್‌ನ ಒಂದು ಪಕ್ಕ ಮುಚ್ಚಿ ಹೋಗಿರತ್ತೆ. ಹಿರಿಯರ ಕಪ್ಪು ಭಾಗದ ಸುತ್ತ ಬೂದು ಬಿಳುಪಿನ ಉಂಗುರ ಕಾಣತ್ತಲ್ಲ, ಅದರಿಂದ ಐರಿಸ್ ಎಲ್ಲಿ ಮುಗಿಯತ್ತೆ ಅಂತ ಸಾಫ್ಟ್‌ವೇರ್‌ಗೆ ಗುರುತು ಹಿಡಿಯೋದು ಕಷ್ಟ ಆಗಬಹುದು. ಕಣ್ಣು ಒಂದೇ ಸಮ ಅಲುಗಾಡೋ ತೊಂದ್ರೆ ಇರೋರು, ಮೆಳ್ಳೆಗಣ್ಣಿನೋರು, ಇವ್ರಿಗೆ ಐರಿಸ್ ಚೆನ್ನಾಗೇ ಇರತ್ತೆ, ನೇರವಾಗಿ ಸಿಗೋದಿಲ್ಲ ಅಷ್ಟೇ. ಮೆಳ್ಳೆಗಣ್ಣಿಗೆ ಒಂದು ಉಪಾಯ, ಇನ್ನೊಂದು ಕಣ್ಣನ್ನ ಅಂಗೈಲಿ ಮುಚ್ಚಿಸಿ, ಎಷ್ಟೋ ಜನರಲ್ಲಿ ಆಗ ಮೆಳ್ಳೆ ಇರೋ ಕಣ್ಣು ನೇರ ಬರತ್ತೆ.

ಇನ್ನು "ವಯಸ್ಸಾಯ್ತು, ಕಣ್ಣಿನ ಗುರುತು ಬದಲಾಗಿದೆ" ಅನ್ನೋ ಮಾತು. ಇದನ್ನ ನಾನು ಒಪ್ಪಲ್ಲ. 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರವೊಂದರಲ್ಲಿ ಸ್ಟೀವ್ ಮೆಕ್‌ಕರಿ ಫೋಟೋ ತೆಗೆದಿದ್ದ ಹಸಿರು ಕಣ್ಣಿನ ಆಫ್ಘನ್ ಹುಡುಗಿ ಶರ್ಬತ್ ಗುಲಾ ಅವ್ರನ್ನ 2002ರಲ್ಲಿ ಮತ್ತೆ ಹುಡುಕಿದಾಗ, ಇವ್ರೇ ಅವ್ರು ಅಂತ ಡಾಗ್‌ಮನ್ ಖಚಿತ ಮಾಡಿದ್ದು 18 ವರ್ಷದ ಅಂತರದ ಫೋಟೋಗಳಲ್ಲಿನ ಐರಿಸ್ ಹೋಲಿಸಿ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ ಕೂಡ 2013ರ ವರದಿಲಿ ಸುಮಾರು ಒಂದು ದಶಕದ ತನಕ ಐರಿಸ್ ಸ್ಥಿರವಾಗೇ ಇರತ್ತೆ ಅಂತ ಹೇಳಿತ್ತು. ವಯಸ್ಸಾದಂಗೆ ಬದಲಾಗೋದು ಬೇರೆ ಸಂಗತಿಗಳು: ರೆಪ್ಪೆ ಇಳಿಯತ್ತೆ, ಕಣ್ಣಲ್ಲಿ ನೀರು ಬರತ್ತೆ, ಕೈ ತಲೆ ನಡುಗತ್ತೆ. ಇವೆಲ್ಲ ಫೋಟೋ ತೆಗೆಯೋದ್ರಲ್ಲಿನ ತೊಂದ್ರೆ, ಫೋಟೋ ತೆಗೆಯೋರು ಸರಿ ಮಾಡ್ಬೇಕಾದ್ದು. ನಮ್ಮ ಮೈಸೂರು ಜಿಲ್ಲೆಯಲ್ಲೇ 2012ರಲ್ಲಿ ಯುಐಡಿಎಐ ಐದು ಸಾವಿರಕ್ಕೂ ಹೆಚ್ಚು ಜನರ ಮೇಲೆ ಐರಿಸ್ ಅಥೆಂಟಿಕೇಶನ್‌ನ ಪ್ರಯೋಗ ಮಾಡಿತ್ತು, ಅರೆ ಗ್ರಾಮೀಣ ಜನರ ನಡುವೆ, ಫಲಿತಾಂಶ ತುಂಬಾ ಚೆನ್ನಾಗೇ ಬಂದಿತ್ತು. ಹಳ್ಳಿ ಜನರ ಕಣ್ಣಿಗೆ ಇದು ಆಗಿಬರಲ್ಲ ಅನ್ನೋಕೆ ಆಧಾರ ಇಲ್ಲ.

ಎಲ್ಲ ಸರಿ ಇದೆ, ಕಣ್ಣು ಆರೋಗ್ಯವಾಗಿದೆ, ಬೇರೆಯೋರದ್ದು ಅದೇ ಡಿವೈಸಲ್ಲಿ ಪಾಸ್ ಆಗ್ತಿದೆ, ಇವ್ರದ್ದು ಮಾತ್ರ ಯಾವಾಗ್ಲೂ ಎಲ್ಲಿ ಹೋದ್ರೂ 300. ಹಾಗಾದ್ರೆ ಎನ್‌ರೋಲ್‌ಮೆಂಟ್ ದಿನ ತೆಗೆದ ಫೋಟೋನೇ ಸರಿ ಇಲ್ಲ ಅಂತ ಅನುಮಾನ ಪಡ್ಬೇಕು. ಶುರುವಿನ ವರ್ಷಗಳ ಕ್ಯಾಂಪ್‌ಗಳಲ್ಲಿ ಶಾಲೆ ವರಾಂಡದಲ್ಲಿ ಉದ್ದ ಕ್ಯೂ ನಿಲ್ಲಿಸಿ ತೆಗೆದಿದ್ದು ನಮ್ಮಲ್ಲಿ ಬಹಳ ಜನಕ್ಕೆ ನೆನಪಿದೆ. ಪರಿಹಾರ ಆಧಾರ್ ಸೇವಾ ಕೇಂದ್ರದಲ್ಲಿ ಬಯೋಮೆಟ್ರಿಕ್ ಅಪ್‌ಡೇಟ್. ಆದ್ರೆ ಒಂದು ಮುಖ್ಯ ಮಾತು, ಡ್ರಾಪ್ಸ್ ಹಾಕೊಂಡ ದಿನ, ಕಣ್ಣು ಬಂದಿರೋವಾಗ, ಆಪರೇಷನ್ ಗಾಯ ಮಾಗೋಕ್ ಮುಂಚೆ ಅಪ್‌ಡೇಟ್‌ಗೆ ಹೋಗ್ಬೇಡಿ, ಆ ಕೆಟ್ಟ ಫೋಟೋನೇ ಹೊಸ ರೆಕಾರ್ಡ್ ಆಗಿ ಕೂರತ್ತೆ, ಆಮೇಲೆ ಕಣ್ಣು ಸರಿ ಹೋದ್ಮೇಲೂ ಹೊಂದಲ್ಲ.

ಕಣ್ಣಿಗೆ ಸಂಬಂಧವೇ ಇಲ್ಲದ ಕೋಡ್‌ಗಳು

330 ಬಂದ್ರೆ ಅವ್ರ ಬಯೋಮೆಟ್ರಿಕ್ ಲಾಕ್ ಆಗಿದೆ. ಬ್ಯಾಂಕ್ ಖಾತೆಯಿಂದ ಬೆರಳಚ್ಚಲ್ಲಿ ದುಡ್ಡು ಹೊಡೀತಾರೆ ಅನ್ನೋ ಭಯಕ್ಕೆ ದೂರದೂರಲ್ಲಿರೋ ಮಗನೋ ಮಗಳೋ ಲಾಕ್ ಮಾಡಿರ್ತಾರೆ, ಅಪ್ಪ ಅಮ್ಮನಿಗೆ ಹೇಳಿರಲ್ಲ. ಲಾಕ್ ಮಾಡೋದು ಒಳ್ಳೇದೇ, ನಾನಂತೂ ಎಲ್ರಿಗೂ ಮಾಡಿ ಅಂತೀನಿ, ಆದ್ರೆ ಮನೆಯೋರಿಗೆ ತಿಳಿಸಿರಿ. ಬೆರಳು, ಐರಿಸ್, ಮುಖ ಮೂರೂ ಒಟ್ಟಿಗೇ ಲಾಕ್ ಆಗ್ತವೆ, ಬೆರಳು ಬರ್ತಿಲ್ಲ ಅಂತ ಕಣ್ಣಿಗೆ ಬಂದ್ರೆ ಅಲ್ಲೂ 330. ಎಂಆಧಾರ್ ಆ್ಯಪ್‌ನಲ್ಲೋ ಮೈಆಧಾರ್‌ನಲ್ಲೋ ಸ್ವಲ್ಪ ಹೊತ್ತಿಗೆ ಅನ್‌ಲಾಕ್ ಮಾಡಿ ಕೆಲಸ ಮುಗಿಸ್ಬಹುದು.

811 ಅಂದ್ರೆ ಆ ಆಧಾರ್ ನಂಬರ್‌ಗೆ ಬಯೋಮೆಟ್ರಿಕ್ಕೇ ಇಲ್ಲ. ಹೆಚ್ಚಾಗಿ ಮಕ್ಕಳದ್ದು. 5 ವರ್ಷದೊಳಗಿನ ಮಕ್ಕಳಿಗೆ ಆಧಾರ್ ಮಾಡುವಾಗ ಬೆರಳೂ ಐರಿಸ್ಸೂ ತಗೊಳಲ್ಲ, ಬರೀ ಮುಖದ ಫೋಟೋ. 5 ತುಂಬಿದ ಮೇಲೆ ಒಂದ್ಸಲ, 15 ತುಂಬಿದ ಮೇಲೆ ಇನ್ನೊಂದ್ಸಲ ಅಪ್‌ಡೇಟ್ ಮಾಡಿಸ್ಬೇಕು, 5ರಿಂದ 7 ಮತ್ತು 15ರಿಂದ 17ರ ಒಳಗೆ ಮಾಡಿಸಿದ್ರೆ ಫ್ರೀ. ರೇಷನ್ ಕಾರ್ಡ್ ಇ-ಕೆವೈಸಿಗೆ ಕರ್ಕೊಂಡು ಬಂದಾಗ್ಲೇ ಇದು ಗೊತ್ತಾಗೋದು. ಆ ಮಗೂನ ಕಣ್ಣು ಬಿಡಿಸಿ ಅಳಿಸ್ಬೇಡಿ, ಹೋಲಿಸೋಕೆ ಅಲ್ಲಿ ಏನೂ ಇಲ್ಲ.

561, 562 ಎರಡೂ ಟೈಮಿನ ತೊಂದ್ರೆ. ಕಂಪ್ಯೂಟರ್ ಗಡಿಯಾರ ಹಿಂದೆ ಇದ್ರೆ ರಿಕ್ವೆಸ್ಟ್ ಹಳೇದು ಅಂತ 561, ಮುಂದೆ ಇದ್ರೆ 562. ಕರೆಂಟ್ ಹೋಗಿ ಬಂದಾಗೆಲ್ಲ ತಾರೀಖು ಹಿಂದಕ್ಕೆ ಹೋಗ್ತಿದ್ರೆ ಮದರ್‌ಬೋರ್ಡ್ ಮೇಲಿನ ಬಿಲ್ಲೆ ಸೆಲ್ಲು ಸತ್ತಿದೆ, ಸಾಮಾನ್ಯವಾಗಿ ಸಿಆರ್2032, ಅದನ್ನ ಬದಲಾಯಿಸಿ, ವಿಂಡೋಸ್‌ನಲ್ಲಿ ಟೈಮ್ ಆಟೊಮ್ಯಾಟಿಕ್‌ಗೆ ಹಾಕಿ. 996 ಬಂದ್ರೆ ಆಧಾರ್ ಕ್ಯಾನ್ಸಲ್, 997 ಅಂದ್ರೆ ಸಸ್ಪೆಂಡ್, ಇದಕ್ಕೆ ನಿಮ್ಮ ಟೇಬಲ್‌ನಲ್ಲಿ ಪರಿಹಾರ ಇಲ್ಲ, ಆಧಾರ್ ಸಹಾಯವಾಣಿ 1947ಗೆ ಫೋನ್ ಮಾಡಿಸಿ.

ಏನ್ ಮಾಡಿದ್ರೂ ಆಗ್ಲಿಲ್ಲ ಅಂದ್ರೆ

ಅವ್ರನ್ನ ಬರಿಗೈಲಿ ಕಳಿಸೋದು ಇದಕ್ಕೆ ಪರಿಹಾರ ಅಲ್ಲ, ನಿಯಮವೂ ಹಾಗೆ ಹೇಳಲ್ಲ. ಪಡಿತರ ಮತ್ತೆ ಬೇರೆ ಸೌಲಭ್ಯಗಳಲ್ಲಿ ಅಥೆಂಟಿಕೇಶನ್ ಫೇಲ್ ಆದ್ರೆ ಏನ್ ಮಾಡ್ಬೇಕು ಅಂತ ಯುಐಡಿಎಐ 2017ರ ಅಕ್ಟೋಬರ್‌ನಲ್ಲೇ ಸುತ್ತೋಲೆ ಕಳಿಸಿದೆ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವ್ರು ಹಾಕಿದ ಕೇಸ್‌ನಲ್ಲಿ 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ್ಲೂ, ಬಯೋಮೆಟ್ರಿಕ್ ಹೊಂದ್ಲಿಲ್ಲ ಅಂತ ಅರ್ಹರು ಹೊರಗುಳಿಯೋ ಸಮಸ್ಯೆ ಚರ್ಚೆಗೆ ಬಂದಿತ್ತು. ಮೊಬೈಲ್ ಲಿಂಕ್ ಇದ್ರೆ ಓಟಿಪಿ, ಆ ಸೇವೆಗೆ ಅವಕಾಶ ಇದ್ರೆ ಮುಖದ ಅಥೆಂಟಿಕೇಶನ್, ಅದೂ ಆಗದಿದ್ರೆ ಎಕ್ಸೆಪ್ಶನ್ ರಿಜಿಸ್ಟರ್‌ನಲ್ಲಿ (ಅಥೆಂಟಿಕೇಶನ್ ಆಗದೋರ ಪುಸ್ತಕದಲ್ಲಿ) ಬರೆದು ಸೌಲಭ್ಯ ಕೊಡೋ ದಾರಿ. ಪಿಂಚಣಿದಾರರ ಜೀವನ್ ಪ್ರಮಾಣ್ (ಬದುಕಿದ್ದೀವಿ ಅನ್ನೋ ಪ್ರಮಾಣಪತ್ರ) ಈಗ ಫೋನಿನಲ್ಲೇ ಮುಖ ತೋರಿಸಿ ಮಾಡ್ಬಹುದು, ನವೆಂಬರ್‌ನಲ್ಲಿ ಅವ್ರನ್ನ ಐರಿಸ್ ಕ್ಯೂನಲ್ಲಿ ನಿಲ್ಲಿಸೋ ಅಗತ್ಯಾನೇ ಇಲ್ಲ. ಬೆರಳು, ಐರಿಸ್ ಎರಡೂ ಕೊಡೋಕಾಗದಿರೋರಿಗೂ ಬಯೋಮೆಟ್ರಿಕ್ ಎಕ್ಸೆಪ್ಶನ್ ಅಡಿ ಆಧಾರ್ ಮಾಡಿಸೋಕೆ ಅವಕಾಶ ಇದೆ, ಇದು ಗೊತ್ತಿಲ್ದೆ ಎಷ್ಟೋ ಮನೆಗಳಲ್ಲಿ ಅಂಗವಿಕಲರು ಸುಮ್ನೆ ಕೂತಿದ್ದಾರೆ.

ಒಂದು ಕೆಲಸ ಮಾತ್ರ ಯಾವತ್ತೂ ಮಾಡ್ಬೇಡಿ. "ನನ್ನ ಕಣ್ಣಿಟ್ಟು ಪಾಸ್ ಮಾಡ್ತೀನಿ, ಸುಳ್ಳೇ ಎಕ್ಸೆಪ್ಶನ್ ಕೇಸ್ ಅಂತ ಹಾಕ್ತೀನಿ" ಅನ್ನೋ ಅಡ್ಡದಾರಿಗಳು, ಕಣ್ಣಿನ ಫೋಟೋ ಫೋನಲ್ಲಿ ತೆಗೆದು ಇಟ್ಕೊಳೋದು, ಇವು ಅಪರಾಧದ ತನಕ ಹೋಗ್ತವೆ, ತೊಂದ್ರೆ ಬೀಳೋದು ಆ ಬಡವರ ತಲೆ ಮೇಲೆ.

ದೂರು ಕೊಡೋದಾದ್ರೆ ಬರೀ "ಐರಿಸ್ ಬರ್ತಿಲ್ಲ" ಅಂತ ಬರೀಬೇಡಿ. ಎರರ್ ಕೋಡ್, ದಿನ, ಗಂಟೆ, ಯಾವ ಕಣ್ಣು, ಎರಡೂ ಕಣ್ಣು ಟ್ರೈ ಮಾಡಿದ್ರಾ, ಅದೇ ಡಿವೈಸಲ್ಲಿ ಅವತ್ತು ಬೇರೆಯೋರದ್ದು ಪಾಸ್ ಆಯ್ತಾ, ಡಿವೈಸ್‌ನ ಸೀರಿಯಲ್ ನಂಬರ್, ಕಣ್ಣಿಗೆ ಏನಾದ್ರೂ ಚಿಕಿತ್ಸೆ ಆಗಿದ್ಯಾ, ಇಷ್ಟು ಒಂದು ಚೀಟಿಲಿ ಬರೆದು ಒಂದು ಪ್ರತಿ ಅವ್ರ ಕೈಗೂ ಕೊಡಿ. ಅವ್ರು ಇನ್ನೊಂದು ಕೇಂದ್ರಕ್ಕೆ ಹೋದಾಗ ಅಲ್ಲಿನೋರು ಮತ್ತೆ ಮೊದಲಿಂದ ಕಣ್ಣು ಬಿಡಿಸೋದು ತಪ್ಪತ್ತೆ.